ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಪ್ರವಾಸ

ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಕರ್ನಾಟಕದ ಹಾಸನ ಜಿಲ್ಲೆಯಲ್ಲಿ ಹೊಯ್ಸಳರ ಕಾಲದ ದೇವಾಲಯಗಳಿಗೆ ಹೆಸರಾದ ಮೂರು ಊರುಗಳು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಹಾಗೂ ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆಯ ಈಶ್ವರ ದೇವಾಲಯ ಆ ಪಟ್ಟಿಯಲ್ಲಿಲ್ಲ. ಮೂರೂ ಒಂದೇ ರಾಜವಂಶದ ಕಾಲದವಾದರೂ ಅವುಗಳ ಇಂದಿನ ಬದುಕು ಬೇರೆ ಬೇರೆ. ಬೇಲೂರು ನಿತ್ಯಪೂಜೆ ನಡೆಯುವ ಕ್ಷೇತ್ರ, ಹಳೇಬೀಡು ಮುಖ್ಯವಾಗಿ ಸಂರಕ್ಷಿತ ಸ್ಮಾರಕ, ಅರಸೀಕೆರೆಯದು ಹೆಚ್ಚಾಗಿ ಊರವರೇ ಬಂದುಹೋಗುವ ಗುಡಿ. ಆದ್ದರಿಂದ ಪ್ರವಾಸಿಗರ ಸಿದ್ಧತೆಯೂ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ.

ಮಾರ್ಗ ಮತ್ತು ಕಾಲ

ಅರಸೀಕೆರೆಯು ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದ ಜಂಕ್ಷನ್. ಹಾಸನ ಹಾಗೂ ಮೈಸೂರಿನ ಕಡೆಗೆ ಹೋಗುವ ಮಾರ್ಗ ಇಲ್ಲಿಂದಲೇ ಕವಲೊಡೆಯುತ್ತದೆ. ಹಳೇಬೀಡಿಗೆ ರೈಲು ಇಲ್ಲ. ಅರಸೀಕೆರೆಯಲ್ಲಿ ಇಳಿದವರು ಬಾಣಾವರ, ಜಾವಗಲ್ ಮೂಲಕ ರಸ್ತೆಯಲ್ಲಿ ಹಳೇಬೀಡು ತಲುಪಬಹುದು. ಹಾಸನದಿಂದ ಬೇಲೂರಿಗೆ ಸುಮಾರು 40 ಕಿ.ಮೀ., ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿ.ಮೀ. ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯವೂ ಹೊಯ್ಸಳರ ಕಾಲದ್ದೇ ಆದ್ದರಿಂದ ಈ ದಾರಿ ಹಾಸನದ ದಾರಿಗಿಂತ ಹೆಚ್ಚು ಫಲದಾಯಕ.

ಅರಸೀಕೆರೆ ತೆಂಗಿನ ತೋಟಗಳ ಬಯಲುಸೀಮೆ. ಬೇಲೂರು ಮಲೆನಾಡಿನ ಅಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಲೂರಿನ ಕಡೆ ಮಳೆ ಹೆಚ್ಚು. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಅನುಕೂಲಕರ. ಬೇಸಿಗೆಯ ನಡುಹಗಲಿನಲ್ಲಿ ಕಲ್ಲುಹಾಸಿನ ಪ್ರಾಂಗಣ ಬರಿಗಾಲಿಗೆ ಸುಡುವಷ್ಟು ಕಾಯುತ್ತದೆ. ಪಾದರಕ್ಷೆ ಹೊರಗೆ ಬಿಡಬೇಕಾದುದರಿಂದ ಹಲವರು ಕಾಲುಚೀಲ ತೊಟ್ಟು ಒಳಗೆ ಹೋಗುತ್ತಾರೆ. ಮಕ್ಕಳನ್ನು ಕರೆದೊಯ್ಯುವವರಿಗೆ ಇದು ಸಣ್ಣ ವಿಷಯವಲ್ಲ.

ಬೇಲೂರು

ಯಗಚಿ ನದಿಯ ದಂಡೆಯಲ್ಲಿರುವ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಾಪನೆಗೊಂಡಿತು. ಅಂದಿನಿಂದ ಬಂದ ದೇವರ ಮೂರ್ತಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಮುಚ್ಚುವುದು ರೂಢಿಯಾದ್ದರಿಂದ ದರ್ಶನ ಬಯಸುವವರು ಬೆಳಿಗ್ಗೆ ಬರುವುದು ಒಳ್ಳೆಯದು. ಮೈ ಮುಚ್ಚುವ ಉಡುಪು ಧರಿಸುವುದು, ಮಂಗಳಾರತಿಯ ವೇಳೆ ಭಕ್ತರಿಗೆ ದಾರಿ ಬಿಡುವುದು, ಗರ್ಭಗುಡಿಯ ಚಿತ್ರ ತೆಗೆಯದಿರುವುದು ಇಲ್ಲಿನ ನಡವಳಿಕೆ. ಚೈತ್ರಮಾಸದ ರಥೋತ್ಸವದ ದಿನಗಳಲ್ಲಿ ಊರು ಜನರಿಂದ ತುಂಬುತ್ತದೆ. ಶಿಲ್ಪವನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಅದು ಸಮಯವಲ್ಲ, ಉತ್ಸವ ನೋಡಬೇಕೆನ್ನುವವರಿಗೆ ಅದೇ ಸಮಯ. ತೇರು ಹೊರಡುವ ಮುನ್ನ ಖಾಜಿಯವರಿಂದ ಕುರಾನ್ ಪಠಣವಾಗುವ ಪದ್ಧತಿ ಇಲ್ಲಿ ಬಹುಕಾಲ ನಡೆದುಬಂದಿದ್ದು, ಇತ್ತೀಚಿನ ವರ್ಷಗಳಲ್ಲಿ ವಿವಾದಕ್ಕೆ ಒಳಗಾಗಿದೆ.

ನವರಂಗದ ಒಳಗೆ ಬೆಳಕು ಕಡಿಮೆ. ಮೊದಲು ತೆರೆದಿದ್ದ ಈ ಮಂಟಪಕ್ಕೆ ವೀರಬಲ್ಲಾಳ (ಎರಡನೆಯ ಬಲ್ಲಾಳ)ನ ಕಾಲದಲ್ಲಿ ಜಾಲಂಧ್ರಗಳನ್ನು ಅಳವಡಿಸಲಾಯಿತು. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದರೆ ಕಂಬಗಳೂ ಭುವನೇಶ್ವರಿಯೂ ಸ್ಪಷ್ಟವಾಗುತ್ತವೆ.

ಮಾರ್ಗದರ್ಶಕರು ಹೇಳುವ ಕಥೆಗಳಲ್ಲಿ ಜಕಣಾಚಾರಿಯದು ಪ್ರಸಿದ್ಧ. ವಿಗ್ರಹದ ಕಲ್ಲಿನೊಳಗೆ ಕಪ್ಪೆಯಿದೆಯೆಂದು ಮಗ ಡಂಕಣ ತೋರಿಸಿಕೊಟ್ಟಾಗ ಜಕಣಾಚಾರಿ ತನ್ನ ಕೈಯನ್ನು ಕತ್ತರಿಸಿಕೊಂಡನೆಂದೂ, ಅದರಿಂದಲೇ ಕಪ್ಪೆ ಚೆನ್ನಿಗರಾಯ ಎಂಬ ಹೆಸರು ಬಂದಿತೆಂದೂ ಪ್ರತೀತಿ. ಆದರೆ ದೇವಾಲಯದ ಶಿಲ್ಪಗಳ ಪೀಠದ ಬರಹಗಳಲ್ಲಿ ದೊರೆಯುವುದು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು, ಜಕಣಾಚಾರಿಯ ಹೆಸರಿಲ್ಲ. ಕಥೆಯನ್ನು ಕಥೆಯಾಗಿ ಕೇಳಿ, ಮದನಿಕೆಯರ ಪೀಠದಲ್ಲಿ ಕೆತ್ತಿದ ಅಕ್ಷರಗಳನ್ನು ತೋರಿಸಲು ಮಾರ್ಗದರ್ಶಕರನ್ನು ಕೇಳಬಹುದು. ತನ್ನ ಹೆಸರು, ಊರು, ತಂದೆಯ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟ ಶಿಲ್ಪಿಗಳು ಭಾರತದ ಕಲಾ ಇತಿಹಾಸದಲ್ಲಿ ಹೆಚ್ಚಿಲ್ಲ.

ಹಳೇಬೀಡು

ಹೊಯ್ಸಳರ ರಾಜಧಾನಿ ದೋರಸಮುದ್ರವೇ ಇಂದಿನ ಹಳೇಬೀಡು. 1311ರಲ್ಲಿ ಮಲಿಕ್ ಕಾಫರನ ದಾಳಿ ಹಾಗೂ ಅನಂತರದ ದಂಡಯಾತ್ರೆಗಳಿಂದ ನಗರ ಕಳೆಗುಂದಿತು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗರ್ಭಗುಡಿಗಳುಳ್ಳ ಜೋಡಿ ದೇವಾಲಯದ ನಿರ್ಮಾಣ 1121ರ ಸುಮಾರಿಗೆ ಆರಂಭವಾಯಿತು. ಹೊರಗೋಡೆಯ ಕೆಳಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲುಗಳಿವೆ. ರಾಮಾಯಣ, ಮಹಾಭಾರತ ಹಾಗೂ ಭಾಗವತದ ಪ್ರಸಂಗಗಳನ್ನು ತಿಳಿದು ಬಂದವರಿಗೆ ಈ ಗೋಡೆ ಓದುವ ಪುಸ್ತಕವಾಗುತ್ತದೆ; ತಿಳಿಯದವರು ಅರ್ಧ ಗಂಟೆಯಲ್ಲಿ ಸುತ್ತು ಮುಗಿಸುತ್ತಾರೆ.

ಸಮೀಪದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥ ಬಸದಿಗಳಿವೆ. ಹೆಚ್ಚಿನ ವಾಹನಗಳು ಇಲ್ಲಿ ನಿಲ್ಲದೆ ಹೋಗುವುದು ವಿಷಾದದ ಸಂಗತಿ. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಬಸದಿಗಳೊಳಗೆ ಚರ್ಮದ ವಸ್ತುಗಳನ್ನು ಒಯ್ಯಬಾರದು. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ ಶುಕ್ರವಾರ ತೆರೆದಿರುವುದಿಲ್ಲ.

ಅರಸೀಕೆರೆ

ಸುಮಾರು 1220ರ ಈಶ್ವರ ದೇವಾಲಯ ನಕ್ಷತ್ರಾಕಾರದ ತಳವಿನ್ಯಾಸಕ್ಕೂ ಗುಮ್ಮಟದಂಥ ಒಳಛಾವಣಿಯ ಮುಖಮಂಟಪಕ್ಕೂ ಗಮನಾರ್ಹ. ಅದೇ ವರ್ಷ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಊರಿನಲ್ಲಿದೆ. ಇಲ್ಲಿ ಪ್ರವಾಸಿಗರ ಸಂದಣಿ ಇಲ್ಲ. ಬಾಗಿಲು ಮುಚ್ಚಿದ್ದರೆ ಅರ್ಚಕರ ಬಗ್ಗೆ ಸುತ್ತಲಿನ ಮನೆಯವರನ್ನು ಮರ್ಯಾದೆಯಿಂದ ವಿಚಾರಿಸುವುದೇ ದಾರಿ.

ಸಂರಕ್ಷಣೆ

ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಈ ಮೃದುತ್ವದಿಂದಲೇ ಬಳೆ, ಸರ, ಹೂವಿನೆಸಳುಗಳನ್ನು ಅಷ್ಟು ಸೂಕ್ಷ್ಮವಾಗಿ ಕೊರೆಯಲು ಸಾಧ್ಯವಾಯಿತು. ಆದರೆ ಕೈಗಳ ಬೆವರು ಮತ್ತು ಎಣ್ಣೆ ದಿನವೂ ತಾಗಿದಾಗ ಅಂಥ ಕೆತ್ತನೆ ಸವೆಯುತ್ತದೆ. ಕೈಗೆಟುಕುವ ಎತ್ತರದ ಶಿಲ್ಪಗಳು ಹಲವೆಡೆ ನುಣುಪಾಗಿರುವುದನ್ನು ಕಾಣಬಹುದು. ಮುಟ್ಟದೆ ನೋಡುವುದು, ಪೀಠಗಳ ಮೇಲೆ ಕೂರದಿರುವುದು ಅಗತ್ಯ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದೇ ಕಾಯ್ದೆಯ 2010ರ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದ್ದು, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ದೇವಾಲಯಗಳ ಸುತ್ತಲಿನ ನಿವಾಸಿಗಳು ಮನೆ ಕಟ್ಟುವುದಕ್ಕೂ ಈ ನಿಯಮ ಅನ್ವಯಿಸುತ್ತದೆ.