ಬೀಗ ಹಾಕಿದ ಬಹುಮಾನ

ಆಟದಲ್ಲಿ ಗೆದ್ದವರಿಗೆ ಕಪ್ ಕೊಡುವುದು ನಮಗೆಲ್ಲ ಗೊತ್ತು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಕಪ್ಪಿನ ಜೊತೆಗೆ ಗಡಿಯಾರ, ಟೀ ಪಾತ್ರೆಗಳನ್ನೂ ಕೊಡುತ್ತಿದ್ದರು. ಮದ್ಯ ತುಂಬಿಡುವ ಗಾಜಿನ ಹೂಜಿಗಳ ಸ್ಟ್ಯಾಂಡ್ ಕೂಡ ಬಹುಮಾನವಾಗುತ್ತಿತ್ತು. ಆ ಹೂಜಿಯ ಹೆಸರು ಡಿಕ್ಯಾಂಟರ್.

ಇಂಥ ಬಹುಮಾನಕ್ಕೆ ಎರಡು ಕಾರಣಗಳಿದ್ದವು. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸಂಸ್ಥೆಯವರು ವಿದ್ಯುತ್ ಹರಿಸಿ ಅಗ್ಗದ ಲೋಹಕ್ಕೆ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಬೆಳ್ಳಿಯಂತೆ ಹೊಳೆಯುವ ವಸ್ತುಗಳು ಕಡಿಮೆ ಬೆಲೆಗೆ ಸಿಗತೊಡಗಿದವು. ಇನ್ನೊಂದು ಕಾರಣ ನಿಯಮ. ಹವ್ಯಾಸಿ ಆಟಗಾರ ನಗದು ಬಹುಮಾನಕ್ಕೆ ಆಡುವಂತಿರಲಿಲ್ಲ, ವಸ್ತು ಪಡೆದರೆ ತಕರಾರಿಲ್ಲ.

ಈ ಸ್ಟ್ಯಾಂಡ್‌ಗಳಲ್ಲಿ ‘ಟ್ಯಾಂಟಲಸ್’ ಎಂಬ ಬಗೆಯೊಂದಿದೆ. ಹೂಜಿಗಳ ಮೇಲೊಂದು ಅಡ್ಡಪಟ್ಟಿ, ಅದಕ್ಕೆ ಬೀಗ. ಒಳಗಿನ ಮದ್ಯ ಕಣ್ಣಿಗೆ ಕಾಣುತ್ತದೆ, ಕೀಲಿಯಿಲ್ಲದೆ ಕೈಗೆ ಬಾರದು. ಗ್ರೀಕ್ ಪುರಾಣದ ಟ್ಯಾಂಟಲಸ್‌ನ ಶಿಕ್ಷೆಯೂ ಹೀಗೆಯೇ: ಕುಡಿಯಲು ಬಗ್ಗಿದರೆ ನೀರು ಇಳಿಯುತ್ತಿತ್ತು, ಕೈ ಚಾಚಿದರೆ ಹಣ್ಣು ದೂರ ಸರಿಯುತ್ತಿತ್ತು.

ಅಂದಿನ ಕ್ರೀಡೆಗೂ ಅಂಥದ್ದೇ ಬೀಗವಿತ್ತು. ಥೇಮ್ಸ್ ನದಿಯ ಹೆನ್ಲಿ ದೋಣಿ ಸ್ಪರ್ಧೆಯವರು 1879ರಲ್ಲಿ ‘ಹವ್ಯಾಸಿ ಯಾರು’ ಎಂದು ವ್ಯಾಖ್ಯಾನಿಸಿದರು. ಮೆಕ್ಯಾನಿಕ್, ಕುಶಲಕರ್ಮಿ ಅಥವಾ ಕೂಲಿಕಾರನಾಗಿ ಸಂಬಳಕ್ಕೆ ದುಡಿದವರು ಹವ್ಯಾಸಿಗಳಲ್ಲ ಎಂದಿತು ಆ ನಿಯಮ. ಅಂದರೆ ಅವರಿಗೆ ಪ್ರವೇಶವೇ ಇಲ್ಲ.

ಇದನ್ನು ಓದುವಾಗ ನನಗೆ ನನ್ನದೇ ಲೆಕ್ಕ ನೆನಪಾಯಿತು. ಡಿಗ್ರಿಯ ಪರೀಕ್ಷಾ ಶುಲ್ಕಕ್ಕೆಂದು ರಜೆಯಲ್ಲಿ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದವನು ನಾನು. ಆ ನಿಯಮದ ಕಣ್ಣಲ್ಲಿ ನಾನೂ ಅನರ್ಹ.

ಅಮೆರಿಕದ ಜಾನ್ ಕೆಲ್ಲಿ ಕೂಡ ಇಟ್ಟಿಗೆ ಕಟ್ಟಿದವರು. 1920ರಲ್ಲಿ ಹೆನ್ಲಿ ಅವರ ಅರ್ಜಿಯನ್ನು ತಿರಸ್ಕರಿಸಿತು. ಅವರ ಕ್ಲಬ್ ಮೇಲೆ ಮೊದಲೇ ಇದ್ದ ನಿರ್ಬಂಧದ ಜೊತೆಗೆ ಈ ಕೈಕೆಲಸವೂ ಅಡ್ಡ ಬಂತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜಾಕ್ ಬೆರೆಸ್‌ಫರ್ಡ್ ಅವರನ್ನು ಸೋಲಿಸಿ ಕೆಲ್ಲಿ ಚಿನ್ನ ಗೆದ್ದರು.

ಓಟದ ಸ್ಪರ್ಧೆಗಳಲ್ಲಿ 1880ರಲ್ಲೇ ಹೊಸ ಸಂಘವೊಂದು ಈ ಷರತ್ತನ್ನು ಕೈಬಿಟ್ಟಿತ್ತು. ಹೆನ್ಲಿ ಅದನ್ನು ತೆಗೆದದ್ದು 1937ರಲ್ಲಿ.

ಉದ್ಯೋಗದ ಅಧಿಸೂಚನೆ ಬಂದಾಗಲೆಲ್ಲ ನಾವು ಮೊದಲು ನೋಡುವುದು ಅರ್ಹತೆಯ ಕಾಲಂ. ಕೆಲವು ಷರತ್ತುಗಳು ಕೆಲಸಕ್ಕೆ ನಿಜವಾಗಿ ಬೇಕಾದವು, ಪೂರೈಸಿಕೊಳ್ಳಲೇಬೇಕು. ಇನ್ನು ಕೆಲವು ಯಾರನ್ನು ಹೊರಗಿಡಲು ಬರೆದವು ಎಂದು ಕೇಳುವ ಹಕ್ಕೂ ನಮಗಿದೆ. ಹೆನ್ಲಿಯ ಬೀಗವೂ ತಾನಾಗಿ ತೆರೆದುಕೊಳ್ಳಲಿಲ್ಲ.