ಎರಡೇ ಕೋವಿ, ಅದರಲ್ಲಿ ಒಂದು ಅಪ್ಪನದು

ಮೊದಲ ದಿನ ರೇಂಜಿನಿಂದ ಮನೆಗೆ ಬಂದಾಗ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಗೇರುಸೊಪ್ಪೆ ಕಡೆಯ ನಮ್ಮ ತೋಟದ ಮನೆ ಜಗುಲಿಯಲ್ಲಿ ಕೂತಿದ್ದ ಅಪ್ಪ ನಕ್ಕರು: "ಕೋವಿ ನಿನ್ನ ಹೆಗಲಿಗೆ ಹೊಂದವು ಕೂಸೇ, ಫೋಟೋಕ್ಕೆ ಅಲ್ದ."

ನಾನು ಹೊನ್ನಾವರದವಳು, ನೌಕರಿ ಗುರುಗ್ರಾಮದಲ್ಲಿ. ರಜಾ ದಿನಗಳಲ್ಲಿ ದೆಹಲಿಯ ತುಘಲಕಾಬಾದ್‌ನಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿಗೆ ಹೋಗಿ ಕ್ಲೇ ಶೂಟಿಂಗ್ ಕಲಿಯುತ್ತಿದ್ದೇನೆ. ಹೆಸರಿಗೆ ಕ್ಲೇ, ಆದರೆ ಈಗಿನ ತಟ್ಟೆ ಮಣ್ಣಿನದಲ್ಲ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಮಾಡಿದ್ದು, ಅಗಲ 110 ಮಿ.ಮೀ. ಟ್ರ್ಯಾಪ್ ಆಟದಲ್ಲಿ ಅದು ನಮ್ಮಿಂದ ದೂರಕ್ಕೆ, ಯಾವ ದಿಕ್ಕಿಗೆ ಎಂದು ಹೇಳದೆ ಹಾರುತ್ತದೆ. ಒಂದು ಸುತ್ತಿಗೆ 25 ತಟ್ಟೆ. ದಿನಕ್ಕೆ ನಾಲ್ಕು ಸುತ್ತು ಆಡಿದರೆ ಕೋವಿ ಕಡಿಮೆಯೆಂದರೂ ನೂರು ಸಲ ಒದೆಯುತ್ತದೆ.

ಭಟ್ಕಳದಿಂದ ಕುಮಟಾದವರೆಗೆ ಘಟ್ಟದ ಬುಡದ ತೋಟದವರಿಗೆ ಕೋವಿ ಹೊಸತಲ್ಲ. ಮಂಗ, ಕಾಡುಹಂದಿ ಬಂದಾಗ ಒಂದು ಗುಂಡು ಆಕಾಶಕ್ಕೆ, ಚುನಾವಣೆ ಬಂದಾಗ ಕೋವಿ ಠಾಣೆಗೆ, ನವರಾತ್ರಿಯಲ್ಲಿ ಅದಕ್ಕೊಂದು ಹೂವು. ನಮ್ಮ ಮನೆಯದು ಹಳೇ ಜೋಡು ನಳಿಗೆ. ಉದ್ದ ಕೈಯ ಅಪ್ಪನಿಗೆ ಸರಿಯಾಗಿ ಕೂರುತ್ತದೆ. ಖಾಲಿ ಮಾಡಿ ನಾನು ಏರಿಸಿ ನೋಡಿದರೆ ಟ್ರಿಗರ್‌ಗೆ ಬೆರಳು ತಲುಪಿಸಲು ಕತ್ತು ಚಾಚಬೇಕು.

ಅಪ್ಪನ ಕೋವಿ ಯಾರಿಗೆ?

ಅಪ್ಪನಿಗೆ ಎಪ್ಪತ್ತು ತುಂಬಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷವಾದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರು ಅದಕ್ಕೆ ಅರ್ಜಿ ಹಾಕಬಹುದು. ಆದರೆ 2019ರ ತಿದ್ದುಪಡಿ ಕಾಯ್ದೆ ಒಬ್ಬರಿಗೆ ಎರಡೇ ಬಂದೂಕು ಎಂದು ಮಿತಿ ಹಾಕಿದೆ. ಹಿರಿಯರಿಂದ ಬಂದ ಕೋವಿಯೂ ಆ ಲೆಕ್ಕದೊಳಗೇ. ದೊಡ್ಡ ಸಾಧನೆ ಮಾಡಿದ ಶೂಟರ್‌ಗಳಿಗೆ ಬೇರೆ ರಿಯಾಯಿತಿ ಇದೆ, ನಾನಿನ್ನೂ ಅಲ್ಲಿಗೆ ಮುಟ್ಟಿಲ್ಲ.

ಅಂದರೆ ಅಪ್ಪನ ಕೋವಿ ಉಳಿಸಿಕೊಂಡರೆ ನನ್ನ ಆಟಕ್ಕೆ ಸಿಗುವುದು ಒಂದೇ ಜಾಗ. ತಪ್ಪು ಕೋವಿ ಕೊಂಡು, ಆಮೇಲೆ ಇನ್ನೊಂದು ನೋಡೋಣ ಅನ್ನುವ ಹಾಗಿಲ್ಲ.

ಒದೆತ ಎಲ್ಲಿ ಹೋಗುತ್ತದೆ?

ಕೋಚ್ ಒಂದು ದಿನ ಸೆಮಿ-ಆಟೋಮ್ಯಾಟಿಕ್ ಕೈಗಿತ್ತರು. ನೂರು ಗುಂಡು ಮುಗಿದರೂ ಹೆಗಲು ನನ್ನದೇ ಎನ್ನಿಸಿತು.

ಗುಟ್ಟು ಇಷ್ಟೇ. ಗ್ಯಾಸ್ ಬಗೆಯ ಕೋವಿಯಲ್ಲಿ ತೋಟೆ ಸಿಡಿದಾಗ ಹುಟ್ಟುವ ಗಾಳಿಯ ಒಂದು ಪಾಲು ನಳಿಗೆಯ ಸಣ್ಣ ತೂತಿನಿಂದ ಇಳಿದು ಪಿಸ್ಟನ್ ತಳ್ಳುತ್ತದೆ. ಖಾಲಿ ತೋಟೆ ಹೊರಗೆ, ಹೊಸದು ಒಳಗೆ. ಒದೆತ ಒಂದೇ ಏಟಾಗಿ ಬೀಳದೆ ಹರಡಿಕೊಂಡು ಬರುತ್ತದೆ. ಬೆರೆಟ್ಟಾ ಕಂಪನಿಯ ಹೆಸರಾದ ಸೆಮಿ-ಆಟೋಗಳು ಈ ಬಗೆಯವು. ಬೆನೆಲ್ಲಿ ಪ್ರಸಿದ್ಧವಾದದ್ದು ಇನರ್ಷಿಯಾ ಬಗೆಗೆ. ಅಲ್ಲಿ ಕೋವಿಯ ಹಿನ್ನೆಗೆತವೇ ಸ್ಪ್ರಿಂಗ್ ಒತ್ತಿ ಕೆಲಸ ಮಾಡಿಸುತ್ತದೆ. ಅದು ಹಗುರ, ಒಳಗೆ ಮಸಿ ಕಡಿಮೆ, ಆದರೆ ಒದೆತ ಸ್ವಲ್ಪ ಜಾಸ್ತಿ. ನನ್ನಂಥ ಸಣ್ಣ ಮೈಯವರಿಗೆ ತುಸು ತೂಕದ ಗ್ಯಾಸ್ ಕೋವಿಯೇ ಸುಖ. ಅದಕ್ಕೆ ಬೆಲೆಯಾಗಿ ಪಿಸ್ಟನ್‌ನ ಮಸಿ ತಿಕ್ಕುತ್ತಾ ಕೂರಬೇಕು.

ಅಪ್ಪನ ಪ್ರಶ್ನೆ

"ಖಾಲಿ ಇದ್ದು ಹೇಳಿ ದೂರದಿಂದ ಗೊತ್ತಪ್ಪದು ಹ್ಯಾಂಗೆ?" ಅಪ್ಪ ಕೇಳಿದ್ದು ಬೆಲೆಯಲ್ಲ, ಇದನ್ನು. ಜೋಡು ನಳಿಗೆಯನ್ನು ಮಡಚಿ ತೋಳ ಮೇಲೆ ಹಾಕಿಕೊಂಡರೆ ಅಂಗಳದ ತುದಿಯಲ್ಲಿದ್ದವರಿಗೂ ಅದು ಸತ್ತ ಕೋವಿ ಎಂದು ತಿಳಿಯುತ್ತದೆ. ಸೆಮಿ-ಆಟೋ ಮಡಚುವುದಿಲ್ಲ. ಅದಕ್ಕೇ ರೇಂಜಿನಲ್ಲಿ ಬೋಲ್ಟ್ ತೆರೆದಿಟ್ಟು, ನಳಿಗೆ ಮೇಲ್ಮುಖವಾಗಿ ಹಿಡಿದೇ ಓಡಾಡಬೇಕು.

ಅಂತರರಾಷ್ಟ್ರೀಯ ನಿಯಮ ಸೆಮಿ-ಆಟೋ ಒಪ್ಪುತ್ತದೆ, ಪಂಪ್ ಆ್ಯಕ್ಷನ್ ಒಪ್ಪುವುದಿಲ್ಲ. ಬೋರ್ 12 ದಾಟಬಾರದು, ಮ್ಯಾಗಜೀನ್‌ನಲ್ಲಿ ಒಂದಕ್ಕಿಂತ ಹೆಚ್ಚು ತೋಟೆ ಹಿಡಿಯದಂತೆ ಅಡ್ಡ ಹಾಕಿರಬೇಕು. ಹಾರುವ ಖಾಲಿ ತೋಟೆ ಪಕ್ಕದವರಿಗೆ ತೊಂದರೆ ಕೊಡಬಾರದು.

ಹಾಗಿದ್ದರೂ ದೊಡ್ಡ ಸ್ಪರ್ಧೆಗಳಲ್ಲಿ ಹೆಚ್ಚಿನವರ ಕೈಯಲ್ಲಿ ಒಂದರ ಮೇಲೊಂದು ಇರುವ ಜೋಡು ನಳಿಗೆಯೇ ಕಾಣುತ್ತದೆ. ಟ್ರ್ಯಾಪ್‌ನ ಅರ್ಹತಾ ಸುತ್ತುಗಳಲ್ಲಿ ಒಂದು ತಟ್ಟೆಗೆ ಎರಡು ಗುಂಡಿನ ಅವಕಾಶ. ಎರಡನೆಯ ಗುಂಡಿನ ಹೊತ್ತಿಗೆ ತಟ್ಟೆ ದೂರ ಹೋಗಿರುತ್ತದೆ, ಆಗ ಚರೆ ಹೆಚ್ಚು ಚದುರಬಾರದು. ಎರಡು ನಳಿಗೆಗೆ ಎರಡು ಬಗೆಯ ಚೋಕ್ ಹಾಕಬಹುದು. ಸೆಮಿ-ಆಟೋಗೆ ಒಂದೇ ನಳಿಗೆ, ಒಂದೇ ಚೋಕ್.

ಕೊಳ್ಳುವ ಮುಂಚೆ

• ಎರಡೂ ಕಣ್ಣು ತೆರೆದು ದೂರದ ವಸ್ತುವಿಗೆ ಬೆರಳು ಗುರಿ ಮಾಡಿ. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣಿಗೆ ಬೆರಳು ಅಲುಗಲಿಲ್ಲವೋ ಅದು ನಿಮ್ಮ ಯಜಮಾನ ಕಣ್ಣು. ಎಡ ಹೆಗಲಿನಿಂದ ಹೊಡೆಯುವವರಾದರೆ ಎಡಕ್ಕೆ ತೋಟೆ ಉಗುಳುವ ಮಾದರಿ ಕೇಳಿ.

• ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕೆನ್ನೆ ಊರಿ, ಕಣ್ಣು ತೆರೆಯಿರಿ. ತುದಿಯ ಮಣಿ ನೇರ ಎದುರಿಗೆ ಕಾಣಬೇಕು. ಹಲವು ಸೆಮಿ-ಆಟೋಗಳ ಜೊತೆ ಬಟ್‌ನ ಓರೆ ತಿದ್ದುವ ಬಿಲ್ಲೆಗಳು ಬರುತ್ತವೆ.

• ಸ್ಪರ್ಧೆಯಲ್ಲಿ ಚರೆಯ ಮಿತಿ 24 ಗ್ರಾಂ. ಅಷ್ಟು ಹಗುರ ತೋಟೆಗೆ ಕೋವಿ ಸಿಕ್ಕಿಬೀಳದೆ ಓಡುತ್ತದೆಯೇ, ಹೊಡೆದೇ ನೋಡಿ.

• ನಮ್ಮ ನಿಯಮಗಳಲ್ಲಿ ಸೆಮಿ-ಆಟೋಮ್ಯಾಟಿಕ್ ನಿರ್ಬಂಧಿತ ವರ್ಗದ್ದು. ಮಾಮೂಲಿ ಜೋಡು ನಳಿಗೆಯ ಲೈಸೆನ್ಸ್ ಇದಕ್ಕೆ ಸಾಲದು. ಮೊದಲು ಅನುಮತಿ, ಆಮೇಲೆ ಅಂಗಡಿ.

ನನ್ನ ತೀರ್ಮಾನ

ಎರಡು ಚೋಕ್‌ನ ಆಸೆ ಬಿಟ್ಟೆ. ಹೆಗಲು ನೋಯುವ ಭಯಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವವಳಿಗೆ ಚೋಕ್ ಯಾವುದಾದರೇನು? ಗ್ಯಾಸ್ ಸೆಮಿ-ಆಟೋ, 30 ಇಂಚಿನ ನಳಿಗೆ ಎಂದು ಬರೆದಿಟ್ಟಿದ್ದೇನೆ. ಅನುಮತಿ ಸಿಗುವವರೆಗೆ ರೇಂಜಿನ ಕೋವಿಯೇ ಸಾಕು.

ಇನ್ನೊಂದು ಜಾಗ ಅಪ್ಪನದಕ್ಕೆ. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕಾದ ಕಾಗದಗಳನ್ನು ಮೊನ್ನೆ ಊರಿಗೆ ಹೋದಾಗ ಒಟ್ಟು ಮಾಡಿದೆವು. ಅದರಿಂದ ನಾನು ತಟ್ಟೆ ಹೊಡೆಯುವುದಿಲ್ಲ. ಆದರೆ ಅದನ್ನು ಬಿಟ್ಟುಕೊಟ್ಟು ಎರಡು ಹೊಸದು ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಣ್ಣೆ ಬಟ್ಟೆ ಹುಡುಕುತ್ತಾ ಅಂದರು:

"ಹಂಗಾರೆ ಆಯುಧ ಪೂಜೆಗೆ ಎರಡನ್ನೂ ಒಟ್ಟಿಗೆ ಇಡ್ಲಕ್ಕು."