ಮದುವೆಯಿಲ್ಲದ ದಿನಗಳ ಆಟ

ಶಾಲೆ ಬಿಟ್ಟು ಮನೆಗೆ ಬಂದ ಹುಡುಗ ಮೊದಲು ವಿಚಾರಿಸುತ್ತಿದ್ದದ್ದು ಒಂದೇ ಮಾತು: ಇವತ್ತು ಹಾಲ್‌ನಲ್ಲಿ ಏನಾದರೂ ಕಾರ್ಯಕ್ರಮ ಇದೆಯಾ? ಇದೆ ಅಂದರೆ ಆಟ ಬಂದ್. ಇಲ್ಲ ಅಂದರೆ ರ‍್ಯಾಕೆಟ್ ಹಿಡಿದು ಓಟ.

ಆ ಹಾಲ್ ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್. ಅರವತ್ತರ ದಶಕದಲ್ಲಿ ಅಲ್ಲಿ ಮದುವೆಗಳು ನಡೆಯುತ್ತಿದ್ದವು, ಶುಭಕಾರ್ಯ ಇಲ್ಲದ ದಿನ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ಹುಡುಗ ಪ್ರಕಾಶ್ ಪಡುಕೋಣೆ. ಕುಂದಾಪುರದ ಕಡೆಯ ಪಡುಕೋಣೆ ಅವರ ಮನೆತನದ ಊರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು, ಮಗನಿಗೆ ಆಟ ಹಚ್ಚಿದವರೂ ಅವರೇ. ನಮ್ಮ ಕಡೆ ಆಗ ಉಲ್ಲನ್ ಚೆಂಡಿನ ಬಾಲ್ ಬ್ಯಾಡ್ಮಿಂಟನ್‌ಗೆ ಇದ್ದ ಜನ ಶಟಲ್ ಆಟಕ್ಕೆ ಇರಲಿಲ್ಲ.

1962ರಲ್ಲಿ ಏಳು ವರ್ಷದ ಪ್ರಕಾಶ್ ರಾಜ್ಯ ಜೂನಿಯರ್ ಪಂದ್ಯಾವಳಿಗೆ ಇಳಿದು ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಕ್ಕೆ ಅದೇ ಪ್ರಶಸ್ತಿ ಕೈಗೆ ಬಂತು. 1971ರಿಂದ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. ಇಷ್ಟಾದರೂ ಹೊರಗಿನವರ ಲೆಕ್ಕದಲ್ಲಿ ಭಾರತ ಬ್ಯಾಡ್ಮಿಂಟನ್‌ನ ದೊಡ್ಡ ದೇಶವಾಗಿರಲಿಲ್ಲ. ಆಗಿನ ದೊಡ್ಡ ಪಟ್ಟ ಆಲ್ ಇಂಗ್ಲೆಂಡ್. 1899ರಲ್ಲಿ ಶುರುವಾದ ಆ ಪಂದ್ಯಾವಳಿಯ ಫೈನಲ್ ತನಕ ಹೋದ ಭಾರತೀಯ ಪ್ರಕಾಶ್ ನಾಥ್ ಒಬ್ಬರೇ, ಅದೂ 1947ರಲ್ಲಿ. ಅವರ ಊರು ಲಾಹೋರ್. ಫೈನಲ್ ದಿನವೇ ಲಾಹೋರ್ ಹೊತ್ತಿ ಉರಿಯುತ್ತಿರುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅಂಕಣಕ್ಕೆ ಇಳಿದರು, ಸೋತರು. ಅದಾಗಿ ಮೂವತ್ಮೂರು ವರ್ಷ ಯಾರೂ ಅಲ್ಲಿಗೆ ತಲುಪಲಿಲ್ಲ.

1980ರ ಮಾರ್ಚ್ 23. ಲಂಡನ್ನಿನ ವೆಂಬ್ಲಿ ಅರೀನಾ. ಬಲೆಯ ಆಚೆ ಬದಿ ಇಂಡೊನೇಷ್ಯಾದ ಲೀಮ್ ಸ್ವೀ ಕಿಂಗ್. 1978, 1979 ಎರಡೂ ವರ್ಷದ ಚಾಂಪಿಯನ್, ಇದು ಸತತ ಐದನೇ ಫೈನಲ್. ಗಾಳಿಗೆ ಜಿಗಿದು ಮೇಲಿಂದ ಹೊಡೆಯುವ ಅವರ ಸ್ಮ್ಯಾಶ್‌ಗೆ ‘ಕಿಂಗ್ ಸ್ಮ್ಯಾಶ್’ ಎಂದೇ ಹೆಸರು. ಪ್ರಕಾಶ್ ಅದೇ ವಸಂತದಲ್ಲಿ ಡೆನ್ಮಾರ್ಕ್, ಸ್ವೀಡನ್ ಓಪನ್ ಗೆದ್ದು ಬಂದಿದ್ದರು ನಿಜ. ಆದರೆ ವೆಂಬ್ಲಿಯಲ್ಲಿ ಕಿಂಗ್ ಎದುರು ಗೆಲುವು ಎಂದರೆ ಬೇರೆಯೇ ಮಾತು.

ಸ್ಮ್ಯಾಶ್ ಹೊಡೆಯಲು ಶಟಲ್ ಎತ್ತರಕ್ಕೆ ಬರಬೇಕು. ಪ್ರಕಾಶ್ ಅದನ್ನು ಎತ್ತರಕ್ಕೆ ಕೊಡಲೇ ಇಲ್ಲ. ಹದಿನಾರು ಗರಿಯ, ಐದು ಗ್ರಾಂ ತೂಕದ ಆ ಶಟಲ್ಲನ್ನು ಬಲೆಯ ಅಂಚಿಗೆ ತಾಗಿದಂತೆ ಇಳಿಸುವುದು, ಅರ್ಧ ವೇಗದಲ್ಲಿ ಮೂಲೆಗೆ ತಳ್ಳುವುದು, ಹೊಡೆಯುವಂತೆ ಕೈ ಎತ್ತಿ ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸುವುದು. ಓಡೋಡಿ ಮುಂದೆ ಬಂದ ಕಿಂಗ್‌ಗೆ ಜಿಗಿಯಲು ಹೊತ್ತೇ ಸಿಗಲಿಲ್ಲ. ಮೊದಲ ಗೇಮ್ 15–3. ಸರ್ವ್ ಮಾಡಿದವನಿಗೆ ಮಾತ್ರ ಅಂಕ ಸಿಗುತ್ತಿದ್ದ ಕಾಲ ಅದು; ಹದಿನೈದು ಅಂಕ ಕೂಡಿಸುವುದು ಎಷ್ಟು ಕಷ್ಟ ಎಂಬುದು ಆಡಿದವರಿಗೆ ಗೊತ್ತು. ಎರಡನೇ ಗೇಮ್ 15–10. ಆಲ್ ಇಂಗ್ಲೆಂಡ್ ಮೊದಲ ಬಾರಿ ಭಾರತಕ್ಕೆ ಬಂತು.

ಯಾರೂ ಎಣಿಸದ ಗೆಲುವು ಎಂದರೆ ಜಗತ್ತು ಬಾಕ್ಸಿಂಗ್ ನೆನೆಯುತ್ತದೆ. 1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಹತ್ತನೇ ಸುತ್ತಿನಲ್ಲಿ ಮೈಕ್ ಟೈಸನ್‌ರನ್ನು ನೆಲಕ್ಕೆ ಕೆಡವಿದ್ದು ಅಂಥದ್ದು. ಡಗ್ಲಸ್ ಮೇಲಿನ ಪಂಥ 42ಕ್ಕೆ 1 ಇತ್ತು. ತಾಯಿ ತೀರಿಕೊಂಡು ತಿಂಗಳೂ ತುಂಬಿರಲಿಲ್ಲ, ಎಂಟನೇ ಸುತ್ತಿನಲ್ಲಿ ತಾವೇ ಕೆಳಗೆ ಬಿದ್ದು ಎದ್ದಿದ್ದರು. ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೂ ಬಾಕ್ಸಿಂಗ್‌ನಲ್ಲಿ ಒಂದು ಗುದ್ದು ಕತೆ ಬದಲಿಸಬಲ್ಲದು. ಬ್ಯಾಡ್ಮಿಂಟನ್‌ನಲ್ಲಿ ಆ ಒಂದು ಗುದ್ದು ಇಲ್ಲ. ಬಲಶಾಲಿಯನ್ನು ಮೂವತ್ತು ಸಲ, ಒಂದೊಂದೇ ಅಂಕವಾಗಿ ಸೋಲಿಸಬೇಕು. ಪ್ರಕಾಶ್ ಅವರ ಗೆಲುವನ್ನು ನಾನು ಒಂದು ಕೈ ಮೇಲೆ ಇಡುವುದು ಅದಕ್ಕೇ.

ಸೋತ ಕಿಂಗ್ ಅವರ ಕತೆಯನ್ನೂ ಹೇಳಬೇಕು. ಅವರು ಜಾವಾದ ಕುಡುಸ್ ಪಟ್ಟಣದವರು. ಜಾರುಮ್ ಎಂಬ ಲವಂಗದ ಸಿಗರೇಟು ಕಂಪನಿಯ ಊರು ಅದು. ಹಗಲು ಕಾರ್ಮಿಕರು ಸಿಗರೇಟು ಸುತ್ತುತ್ತಿದ್ದ ದೊಡ್ಡ ಕೊಠಡಿಯನ್ನು ಸಂಜೆ ಖಾಲಿ ಮಾಡಿ ಅಲ್ಲೇ ಶಟಲ್ ಆಡುತ್ತಿದ್ದರು. ಕಿಂಗ್ ಬೆಳೆದದ್ದು ಕಂಪನಿಯ ಆ ಕ್ಲಬ್ಬಿನಲ್ಲಿ. ವೆಂಬ್ಲಿಯಲ್ಲಿ ಅವತ್ತು ಎದುರುಬದುರು ನಿಂತ ಇಬ್ಬರನ್ನೂ ಬೆಳೆಸಿದ್ದು ಬೇರೆ ಕೆಲಸಕ್ಕೆಂದು ಕಟ್ಟಿದ, ಬಿಡುವಿನಲ್ಲಿ ಬಿಟ್ಟುಕೊಟ್ಟ ಜಾಗ.

ಮುಂದಿನ ವರ್ಷದ ಫೈನಲ್‌ನಲ್ಲಿ ಅದೇ ಕಿಂಗ್ ಮೂರು ಗೇಮ್‌ಗಳಲ್ಲಿ ಪ್ರಕಾಶ್‌ರನ್ನು ಸೋಲಿಸಿ ಲೆಕ್ಕ ಚುಕ್ತಾ ಮಾಡಿದರು. 1994ರಲ್ಲಿ ಪ್ರಕಾಶ್ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಚೀನಾದ ಚೆನ್ ಹಾಂಗ್ ವಿರುದ್ಧ ಗೆದ್ದು ಆಲ್ ಇಂಗ್ಲೆಂಡ್ ಪಟ್ಟವನ್ನು ಮತ್ತೆ ತಂದರು.

ಈಗ ನಮ್ಮ ಊರುಗಳಿಗೆ ಬರುತ್ತೇನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಬೀದಿಗಳಲ್ಲಿ ಸಂಜೆ ಹೊತ್ತು ಎರಡು ಕಂಬಕ್ಕೆ ಹಗ್ಗ ಕಟ್ಟಿ ಶಟಲ್ ಆಡುವ ಮಕ್ಕಳನ್ನು ಯಾರು ಬೇಕಾದರೂ ನೋಡಬಹುದು. ಆಷಾಢ ಬಂತೆಂದರೆ ಆ ಆಟಕ್ಕೆ ಕಷ್ಟ. ಬಯಲುಸೀಮೆಯ ಗಾಳಿಗೆ ಐದು ಗ್ರಾಂ ಗರಿ ನಿಲ್ಲುವುದಿಲ್ಲ. ಸರ್ವ್ ಮಾಡಿದ್ದು ಪಕ್ಕದ ಮನೆಯ ಮಾಳಿಗೆ ಸೇರುತ್ತದೆ. ಅದೇ ಆಷಾಢದಲ್ಲಿ ಮದುವೆಗಳಿಲ್ಲ. ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಛತ್ರಗಳು, ಸಮುದಾಯ ಭವನಗಳು ಬೀಗ ಹಾಕಿಕೊಂಡಿರುತ್ತವೆ.

ಒಂದು ಅಂಕಣಕ್ಕೆ ಬೇಕಾದದ್ದು 44 ಅಡಿ ಉದ್ದ, 20 ಅಡಿ ಅಗಲ, ತಲೆಯ ಮೇಲೆ ಒಂದಿಷ್ಟು ಎತ್ತರ. ಛತ್ರದ ಯಜಮಾನರು, ಭವನದ ಸಮಿತಿಯವರು ಒಮ್ಮೆ ಟೇಪ್ ಹಿಡಿದು ಅಳೆದು ನೋಡಿ. ಜಾಗ ಹೊಂದಿದರೆ ಸುಣ್ಣದ ಗೆರೆ ಎಳೆಸಿ, ಕುರ್ಚಿಗಳನ್ನು ಗೋಡೆಗೆ ಒರಗಿಸಿ, ಬರುವ ಆಷಾಢದ ಸಂಜೆಗಳಲ್ಲಿ ಬೀಗ ತೆಗೆಯಿರಿ.